ಬೈಕಿನ ಎಡ ಭುಜ

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಹೊಲಿಗೆ ಯಂತ್ರದ ಮುಂದೆ ಕುಳಿತು ಯಾರದೋ ಅಂಗಿಗೆ ಕಾಲರು ಕೂಡಿಸುತ್ತಿದ್ದೆ. ಅಂಗಳದಲ್ಲಿ ಮೊದಲು ನೀರು ಸುರಿಯುವ ಸದ್ದು ಕೇಳಿಸಿತು. ಆಮೇಲೆ ನನ್ನ ಮಗನ ಸಿಳ್ಳೆ. ಆಮೇಲೆ ಸಿಳ್ಳೆ ನಿಂತಿತು. ನಿಂತ ಮರುಗಳಿಗೆಯಲ್ಲೇ ಪಾತ್ರೆಗಳ ಕಪಾಟು ಮಗುಚಿದಂಥ ಸದ್ದಾಯಿತು.

"ಅಮ್ಮಾ..."

ತಲೆ ನರೆತ ಮಗ ಆ ರಾಗದಲ್ಲಿ ಕರೆದರೆ ಏನನ್ನೋ ಬೀಳಿಸಿದ್ದಾನೆ ಎಂದೇ ಅರ್ಥ. ಚಿಕ್ಕಂದಿನಿಂದಲೂ ಅದೇ ರಾಗ.

ಹೊರಗೆ ಹೋದೆ. ಸೊಸೆಯ ಬೈಕು ಗೇಟಿನ ಕಂಬಕ್ಕೆ ಮುಖ ಆನಿಸಿ ಎಡಮಗ್ಗುಲಾಗಿ ಒರಗಿತ್ತು. ಮಗ ಮೊಣಕೈವರೆಗೆ ಸಾಬೂನಿನ ನೊರೆ ಮಾಡಿಕೊಂಡು, ಒದ್ದೆ ಬಟ್ಟೆ ಹಿಡಿದು, ತಾನೇ ಬಿದ್ದವನ ಹಾಗೆ ನಿಂತಿದ್ದ.

"ಓಡಿಸ್ತಿದ್ದೆಯೇನೋ?"

"ಇಲ್ಲಮ್ಮ, ನಿಂತಿತ್ತು. ತೊಳೀತಿದ್ದೆ. ಆ ಕಡೆ ಚಕ್ರಾನೂ ತೊಳೆಯೋಣ ಅಂತ ಸ್ವಲ್ಪ ಮುಂದಕ್ಕೆ ತಳ್ಳಿದೆ. ಸ್ಟ್ಯಾಂಡು ಮಡಚ್ಕೊಂಡುಬಿಡ್ತು."

"ನಿಂತ ಗಾಡೀನ ಬೀಳಿಸೋಕೆ ನಿನ್ನಂಥ ವಿದ್ಯಾವಂತನೇ ಬೇಕು ಕಣೋ."

"ಭೂಮೀನೇ ವಾಲಿಕೊಂಡು ತಿರುಗ್ತಾ ಇದೆ ಅಮ್ಮ, ಇನ್ನು ಬೈಕು ಯಾವ ಲೆಕ್ಕ?" ಎಂದ. ಅವನು ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಮನೆಯಲ್ಲಿ ಏನೇ ಎಡವಟ್ಟಾದರೂ ಅದನ್ನು ಭೂಮಿಯ ತಲೆಗೆ ಕಟ್ಟುವುದು ಅವನ ಚಾಳಿ. ಆದರೆ ಈ ಸಲ ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬಾಡಿತು.

ಏಕೆಂದರೆ ಮರುದಿನ ಬೆಳಿಗ್ಗೆ ಸೊಸೆಯ ಮೊದಲ ತರಗತಿ. ವರ್ಷಗಟ್ಟಲೆ ಊರೆಲ್ಲ ಸುತ್ತಿ ಪಾರ್ಸಲು ಹಂಚಿದವಳು, ಇನ್ನು ಮೇಲೆ ಹೆಂಗಸರಿಗೆ ಬೈಕು ಕಲಿಸುತ್ತೇನೆಂದು ಹೊರಟಿದ್ದಳು. ಕಲಿಯುತ್ತೇವೆಂದು ಮುಂದೆ ಬಂದವರಲ್ಲಿ ಮೊದಲಿನವಳು ನಮ್ಮ ಬೀದಿಯ ಔಷಧಿ ಅಂಗಡಿಯ ಮನೆಯ ಸೊಸೆ. ಆ ಹುಡುಗಿಗೆ ಆಸೆ ಬೆಟ್ಟದಷ್ಟು. ಆದರೆ ಅತ್ತೆಯ ಒಪ್ಪಿಗೆ ಬೇಕು. ಆ ಅತ್ತೆಯನ್ನು ಬೀದಿಯವರೆಲ್ಲ ಬೆನ್ನ ಹಿಂದೆ ಭೂತಗನ್ನಡಿ ಎನ್ನುತ್ತಾರೆ. ಮಾತ್ರೆಯ ಡಬ್ಬಿಯ ಮೇಲಿನ ಇರುವೆಕಾಲಿನಂಥ ಅಕ್ಷರಗಳನ್ನೂ ಓದದೆ ಕೊಡುವವಳಲ್ಲ. ಓದಿದ್ದನ್ನು ನಿಮಗೆ ಹೇಳದೆ ಬಿಡುವವಳೂ ಅಲ್ಲ. "ಭಾನುವಾರ ನಾನೇ ಮೈದಾನಕ್ಕೆ ಬರ್ತೀನಿ. ಮೊದಲು ಗಾಡಿ ನೋಡ್ತೀನಿ, ಆಮೇಲೆ ಮಾತು" ಎಂದು ಹೇಳಿಕಳಿಸಿದ್ದಳು. ಉಳಿದ ಮನೆಗಳವರು ಆಕೆ ಏನೆನ್ನುತ್ತಾಳೋ ನೋಡೋಣವೆಂದು ಕಾಯುತ್ತಿದ್ದರು. ಆಕೆ ಬೇಡವೆಂದರೆ ಸೊಸೆಯ ಶಾಲೆ ಶುರುವಾಗುವ ಮೊದಲೇ ಮುಚ್ಚಿದಂತೆ. ಅದಕ್ಕೇ ಮಗ, ಹೆಂಡತಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಲು ಹೋಗಿದ್ದಾಗ, ಬೈಕನ್ನು ತೊಳೆದು ಫಳಫಳ ಮಾಡಿಡೋಣವೆಂದು ಹೊರಟಿದ್ದ. ಪಾಪ, ಮನಸ್ಸು ಒಳ್ಳೆಯದೇ.

ಇಬ್ಬರೂ ಸೇರಿ ಬೈಕನ್ನೆತ್ತಿ ನಿಲ್ಲಿಸಿದೆವು. ಕಂಬದ ಮೇಲೆ ನಾನು ಬೆಳಿಗ್ಗೆ ದಪ್ಪ ಹೊದಿಕೆಯೊಂದನ್ನು ಒಣಹಾಕಿದ್ದೆ. ದೇವರ ದಯೆ, ಏಟನ್ನೆಲ್ಲ ಅದೇ ತಿಂದಿತ್ತು. ಬೈಕಿನ ಮುಖಕ್ಕೆ ಹಾಕುವ ಆ ಪ್ಲಾಸ್ಟಿಕ್ ಕವಚಕ್ಕೆ ಫೇರಿಂಗ್ ಎನ್ನುತ್ತಾರಂತೆ. ಅದಕ್ಕೊಂದು ಗೀರೂ ಬಿದ್ದಿರಲಿಲ್ಲ. ಆದರೆ ಒಳಗಿನ ಕಬ್ಬಿಣ ಬಾಗಿತ್ತು. ದೀಪವೂ ಫೇರಿಂಗೂ ಸೇರಿ, ಮುನಿಸಿಕೊಂಡ ಬೀಗಿತ್ತಿಯ ಹಾಗೆ, ಮುಖವನ್ನು ಪಕ್ಕಕ್ಕೆ ತಿರುಗಿಸಿದ್ದವು. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೆ ಕವಚಕ್ಕೆ ತಾಗುತ್ತಿತ್ತು.

ಮಗ ಮೆಕ್ಯಾನಿಕ್‌ಗೆ ಫೋನು ಮಾಡಿದ. ಆತ ಮದುವೆಯೊಂದಕ್ಕೆ ಬೇರೆ ಊರಿಗೆ ಹೋಗಿದ್ದ. ಹಿನ್ನೆಲೆಯ ವಾದ್ಯದ ನಡುವೆ, "ಅದು ಬ್ರಾಕೆಟ್ಟು ಸಾರ್, ಹೊಸದು ತರಿಸಬೇಕು, ಸೋಮವಾರ ನೋಡೋಣ" ಎಂದು ಕೂಗಿ ಇಟ್ಟುಬಿಟ್ಟ.

"ಸೋಮವಾರ ನೋಡೋಕೆ ಏನಿರುತ್ತೆ? ನನ್ನ ತಿಥಿ," ಎಂದ ಮಗ.

"ಬಿಡ್ತು ಅನ್ನು. ನಿಮ್ಮಪ್ಪನ ಕೊಟ್ಟಿಗೆ ಇಲ್ವೇನೋ?"

ಹೇಳಿದವಳೇ ಬೀಗದ ಕೈ ತರಲು ಒಳಗೆ ಹೋದೆ.

ನಮ್ಮ ಯಜಮಾನರು ಗೇಟು, ಕಿಟಕಿ ಸರಳು, ಏಣಿ ಮಾಡುತ್ತಿದ್ದ ವೆಲ್ಡರು. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯೇ ಅವರ ಕಾರ್ಖಾನೆ. ಅವರು ಹೋದ ಮೇಲೆ ಅದಕ್ಕೆ ಹಾಕಿದ ಬೀಗವನ್ನು ನಾನು ತೆಗೆದಿರಲಿಲ್ಲ. ತೆಗೆಯಬಾರದೆಂದೇನೂ ಇರಲಿಲ್ಲ, ತೆಗೆಯಲು ಒಂದು ಕೆಲಸ ಬೇಕಾಗಿತ್ತು, ಅಷ್ಟೆ. ಸುಮ್ಮನೆ ಒಳಗೆ ಹೋಗಿ ನಿಂತು ಏನು ಮಾಡಲಿ? ಭಗವಂತನಿಗೆ ಅದು ತಿಳಿದಿತ್ತೆಂದು ಈಗ ಅನ್ನಿಸುತ್ತದೆ. ಬೈಕು ಬೀಳಿಸುವ ಹಾದಿಯಲ್ಲದೆ ಬೇರೆ ಹಾದಿ ಅವನಿಗೆ ಹೊಳೆಯಲಿಲ್ಲವೇ ಎಂದೂ ಅನ್ನಿಸುತ್ತದೆ.

ಬಾಗಿಲು ತೆಗೆದಾಗ ಕಬ್ಬಿಣದ ಪುಡಿ, ಎಣ್ಣೆ, ಸುಟ್ಟ ಲೋಹ ಎಲ್ಲ ಬೆರೆತ ವಾಸನೆ ಬಂತು. ಅವರ ಅಂಗಿಗಳನ್ನು ಎಷ್ಟು ಒಗೆದರೂ ಹೋಗದೆ ಉಳಿಯುತ್ತಿದ್ದ ವಾಸನೆ. ಬಾಗಿಲಲ್ಲೇ ಸ್ವಲ್ಪ ನಿಂತೆ. ಮಗ ನನ್ನ ಬೆನ್ನ ಮೇಲೆ ಕೈಯಿಟ್ಟ. ಕೈ ಒದ್ದೆಯಾಗಿತ್ತು, ಸಾಬೂನು ಬೇರೆ.

"ಒರೆಸ್ಕೊಂಡು ಸಮಾಧಾನ ಮಾಡೋ," ಎಂದೆ. ಇಬ್ಬರಿಗೂ ನಗು ಬಂತು. ಒಳಗೆ ಹೋದೆವು.

ಫೇರಿಂಗನ್ನು ಬಿಚ್ಚುವ ಕೆಲಸ ನನ್ನದೇ ಆಯಿತು. ಗುಂಡಿ ಬಿಚ್ಚಿ ಹೊಲಿಗೆ ಕೀಳುವುದರಲ್ಲಿ ಜೀವಮಾನ ಕಳೆದವಳಿಗೆ ಅದೇನು ಕಷ್ಟವಲ್ಲ. ಎಲ್ಲಿ ಎಳೆಯಬೇಕು, ಎಲ್ಲಿ ಎಳೆದರೆ ಹರಿಯುತ್ತದೆ ಎಂಬುದು ಬಟ್ಟೆಗೂ ಪ್ಲಾಸ್ಟಿಕ್ಕಿಗೂ ಒಂದೇ. ಬಿಚ್ಚಿದ ತಿರುಪುಗಳನ್ನು ಗುಂಡಿಗಳ ಡಬ್ಬಿಯ ಬೇರೆ ಬೇರೆ ಮನೆಗಳಲ್ಲಿ ಹಾಕುತ್ತ ಹೋದೆ. ಕವಚ ಕಳಚಿ, ದೀಪದ ತಂತಿ ಬಿಡಿಸಿದ ಮೇಲೆ ಮೆಕ್ಯಾನಿಕ್ ಹೇಳಿದ ಬ್ರಾಕೆಟ್ಟು ಕಾಣಿಸಿತು. ಅಂಗಿ ತೂಗುಹಾಕುವ ಹ್ಯಾಂಗರಿನಂತೆಯೇ ಇತ್ತು. ನಡುಭಾಗ ಬೈಕಿನ ಕತ್ತಿಗೆ ಬಿಗಿದಿದೆ. ಎರಡು ತೋಳುಗಳು ಎರಡು ಕಡೆಗೆ ಚಾಚಿವೆ. ತೋಳಿನ ತುದಿಯಲ್ಲಿ ತೂತಿರುವ ಚಪ್ಪಟೆ ಕಿವಿ. ಫೇರಿಂಗು ಆ ಕಿವಿಗಳಿಗೆ ನೇತುಹಾಕಿದ ಅಂಗಿ. ಬಲದೋಳು ಸರಿಯಾಗಿತ್ತು. ಎಡದೋಳು ಬುಡದಲ್ಲಿ ಹಿಂದಕ್ಕೆ ಬಾಗಿ, ಬಾಗಿದಲ್ಲಿ ಕಪ್ಪು ಬಣ್ಣ ಬಿರಿದಿತ್ತು.

ಬ್ರಾಕೆಟ್ಟನ್ನು ಕೊಟ್ಟಿಗೆಯ ಮೇಜಿಗೆ ತಂದೆವು. ಮೇಜಿಗೆ ಬಿಗಿದ, ಕಬ್ಬಿಣ ಕಚ್ಚಿ ಹಿಡಿಯುವ ದೊಡ್ಡ ವೈಸು ಬಾಯಿ ಮುಚ್ಚಿಕೊಂಡೇ ಕೂತಿತ್ತು. ಅದರ ಹಿಡಿಯನ್ನು ತಿರುಗಿಸಿದಾಗ ಮೊದಲು ಮೊಂಡು ಹಿಡಿದು, ಎರಡು ಹನಿ ಎಣ್ಣೆ ಕುಡಿದು, ಆಮೇಲೆ ಬಾಯಿ ಬಿಟ್ಟಿತು. ಕಬ್ಬಿಣಕ್ಕೆ ಹಲ್ಲಿನ ಗುರುತು ಬೀಳಬಾರದೆಂದು ಹಳೆಯ ಪ್ಯಾಂಟಿನ ತುಂಡು ಸುತ್ತಿ ಕಚ್ಚಿಸಿದೆವು.

"ಎಷ್ಟು ಬಗ್ಗಿಸ್ಬೇಕು ಅಂತ ಹೇಗೆ ಗೊತ್ತಾಗುತ್ತಮ್ಮ?" ಎಂದು ಮಗ ಕೇಳಿದ.

"ಬಲಗಡೇದು ಸರಿಯಾಗಿದೆಯಲ್ಲ. ಅದರ ನಕಲು ತೆಗೆದ್ರಾಯ್ತು," ಎಂದೆ.

ನನಗೆ ಬಲು ಸುಲಭವೆನ್ನಿಸಿತ್ತು. ಕಂದು ಕಾಗದ ತಂದು ಬಲದೋಳಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿದೆ. ಅಂಗಿಯ ಎದೆಗೆ ಹೇಗೆ ಒಂದು ಕಡೆ ಕತ್ತರಿಸಿ ಮಗುಚಿ ಇನ್ನೊಂದು ಕಡೆಗೆ ಇಡುತ್ತೇವೋ ಹಾಗೆ ಕಾಗದವನ್ನು ಮಗುಚಿ ಎಡದೋಳಿಗೆ ಇಟ್ಟೆ. ಎಲ್ಲಿ ಎಷ್ಟು ತಪ್ಪಿದೆ ಎಂಬುದು ಕಣ್ಣಿಗೆ ಕಟ್ಟಿದಂತೆ ಕಾಣಿಸಿತು. ಮಗ ತೋಳಿಗೆ ಉದ್ದನೆಯ ಕೊಳವೆ ತೊಡಿಸಿ, ಅದನ್ನೇ ಹಿಡಿ ಮಾಡಿಕೊಂಡು, ನಾನು "ಹೂಂ" ಎಂದಾಗ ಎಳೆದು "ಸಾಕು" ಎಂದಾಗ ಬಿಟ್ಟ. ಕಬ್ಬಿಣಕ್ಕೂ ಹಟವಿದೆ. ಎಳೆದಾಗ ಬಂದು, ಬಿಟ್ಟಾಗ ಸ್ವಲ್ಪ ಹಿಂದೆ ಸರಿಯುತ್ತದೆ. ಅದಕ್ಕೆ ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಎಳೆಯಬೇಕು. ಯಜಮಾನರು ಎಳೆಯುವಾಗ ಉಸಿರು ಕಟ್ಟಿ ನಿಲ್ಲುತ್ತಿದ್ದರು. ಮಗನೂ ಹಾಗೆಯೇ ನಿಂತಿದ್ದ. ಅವನಿಗೆ ಅದು ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ.

ಬುಡ ನೆಟ್ಟಗಾಯಿತು. ಆಗ ಅವನು, "ಅಮ್ಮ, ತುದೀಲಿ ಇನ್ನೊಂದು ಸಣ್ಣ ಬಾಗು ಇದೆ ನೋಡು" ಎಂದ.

ನೋಡಿದೆ. ಕಿವಿಯ ಹತ್ತಿರ ತೋಳು ಮೆಲ್ಲಗೆ ಕೆಳಕ್ಕೆ ಇಳಿದು ಅಲ್ಲಿಂದ ಮತ್ತೆ ನೆಟ್ಟಗೆ ಚಾಚಿತ್ತು. ಬಲದೋಳಿನಲ್ಲಿ ಅಂಥದ್ದಿರಲಿಲ್ಲ. ನನ್ನ ಕಾಗದದಲ್ಲೂ ಇರಲಿಲ್ಲ.

"ಅದೂ ಬಿದ್ದಾಗ ಆಗಿದ್ದೇ. ಇಟ್ಟು ಬಡಿ."

"ಆದ್ರೆ ಅಲ್ಲಿ ಬಣ್ಣ ಬಿರಿದಿಲ್ವಲ್ಲ."

"ನಿಂಗೇನೋ ಗೊತ್ತು? ಬಡಿ ಅಂದ್ರೆ ಬಡಿ."

ಬಡಿದ. ಮರದ ಸುತ್ತಿಗೆಯಲ್ಲಿ ಚೆನ್ನಾಗಿಯೇ ಬಡಿದ. ಕಾಗದವಿಟ್ಟು ನೋಡಿದರೆ ಎರಡು ತೋಳೂ ಅವಳಿಜವಳಿ. ನನಗೆ ಹೆಮ್ಮೆಯೋ ಹೆಮ್ಮೆ.

ಬೈಕಿಗೆ ತಂದು ಬಿಗಿದೆವು. ತಂತಿಗಳನ್ನು ಸಿಕ್ಕಿಸಿ ಫೇರಿಂಗನ್ನು ತೊಡಿಸಿದೆವು. ಬಲಗಡೆಯ ಬೋಲ್ಟು ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಹೋಯಿತು. ಎಡಗಡೆಯ ತೂತು ಮಾತ್ರ ಕಿವಿಯ ತೂತಿಗೆ ಕೂಡದೆ ಒಂದು ಬೆರಳು ಕೆಳಗೆ ನಿಂತಿತು. ನಾನು ಒತ್ತಿದೆ, ಮಗ ಎತ್ತಿದ, ಏನೂ ಆಗಲಿಲ್ಲ. "ದೀಪ ನೆಟ್ಟಗಿದೆಯೋ ನೋಡ್ತೀನಿ ಇರು," ಎಂದು ಅವನು ಕೀಲಿ ತಿರುಗಿಸಿ ಹ್ಯಾಂಡಲನ್ನು ಎಡಕ್ಕೆ ಹೊರಳಿಸಿದ.

ಹಾರ್ನು ಕೂಗಿತು. ಕೂಗಿದ್ದು ನಿಲ್ಲಲೇ ಇಲ್ಲ. ನಾವು ನೆಟ್ಟಗೆ ಮಾಡಿದ ಎಡದೋಳು ತಂತಿಗಳ ಗೊಂಚಲನ್ನು ಒತ್ತಿ ಹಿಡಿದಿತ್ತು. ಮಗ ಕೀಲಿಯಿರುವುದನ್ನೇ ಮರೆತು ಹಾರ್ನಿನ ಬಾಯಿಗೆ ಒದ್ದೆ ಬಟ್ಟೆ ತುರುಕಿದ. ಅದು ಗಂಟಲು ಕಟ್ಟಿದ ಹಾಗೆ ಕೂಗಿತು. ಎದುರುಮನೆಯ ಕಿಟಕಿ ತೆರೆಯಿತು. ನಾನು ದೇವರನ್ನು ನೆನೆದೆ.

ಆಗ ಒಂದು ಕೈ ನಮ್ಮಿಬ್ಬರ ನಡುವೆ ಬಂದು ಕೀಲಿಯನ್ನು ತಿರುಗಿಸಿತು. ಸದ್ದು ನಿಂತಿತು. ಮೈಯೆಲ್ಲ ಸುಣ್ಣವಾಗಿದ್ದ ಸೊಸೆ ನಿಂತಿದ್ದಳು.

"ಬೀದಿ ತುದೀಲೇ ಕೇಳಿಸ್ತು. ನಂದೇ ಗಾಡಿ ಅಂತ ಗೊತ್ತಾಯ್ತು," ಎಂದಳು. ಬೈಕನ್ನು ನೋಡಿದಳು, ಗಂಡನನ್ನು ನೋಡಿದಳು. "ಏನ್ರೀ ಇದು?"

"ತೊಳೀತಿದ್ದೆ," ಎಂದ ಮಗ.

"ಒಳಗಿನ ಕಬ್ಬಿಣದವರೆಗೂ ತೊಳೆದ್ರಾ?"

ಅವನು ಒಂದೂ ಬಿಡದೆ ಹೇಳಿದ. ಭೂಮಿಯ ಮೇಲೆ ಏನೂ ಹೊರಿಸಲಿಲ್ಲ. ಸೊಸೆ ಮೆಟ್ಟಿಲ ಮೇಲೆ ಕುಳಿತು ಕೇಳಿದಳು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು, ಬೈಯಲಿಲ್ಲ. "ಆ ಹುಡುಗಿ ನಿನ್ನೆ ಬಂದು ಹೆಲ್ಮೆಟ್ಟು ಹಾಕ್ಕೊಂಡು ನೋಡಿದ್ಲು ಅತ್ತೆ," ಎಂದಳು. "ಕನ್ನಡಿ ಮುಂದಿಂದ ಏಳಲೇ ಇಲ್ಲ. ಅವಳಿಗೆ ಏನು ಹೇಳ್ಲಿ?"

ಮಗ ತಲೆ ತಗ್ಗಿಸಿದ. ನಾನು ಬೈಕಿನ ಕಡೆ ತಿರುಗಿ, ಆ ಕೂಡದ ತೂತನ್ನು ನೋಡುತ್ತ ನಿಂತೆ. ಎಡಗಡೆ ಒಂದು ಬೆರಳು ತಗ್ಗು. ಎಡಗಡೆ ಒಂದು ಬೆರಳು ತಗ್ಗು. ಈ ಅಳತೆಯನ್ನು ನಾನು ಎಷ್ಟು ಸಲ ಕತ್ತರಿಸಿಲ್ಲ!

ನಮ್ಮ ಯಜಮಾನರು ಗ್ಯಾಸಿನ ಸಿಲಿಂಡರನ್ನು ಯಾವಾಗಲೂ ಎಡ ಹೆಗಲ ಮೇಲೆ ಹೊರುತ್ತಿದ್ದರು. ಹೊತ್ತು ಹೊತ್ತು ಆ ಭುಜ ಇಳಿದಿತ್ತು. ಮದುವೆಯಾದ ಹೊಸದರಲ್ಲಿ ನಾನು ಎರಡು ಕಡೆಯೂ ಒಂದೇ ಸಮನಾಗಿ ಹೊಲಿದ ಅಂಗಿ ಅವರ ಮೈಮೇಲೆ ಎಡಕ್ಕೆ ಜೋತುಬಿತ್ತು. "ಅಂಗಿ ಸರಿಯಾಗೇ ಇದೆ ಕಣೇ, ನಾನೇ ಸೊಟ್ಟ," ಎಂದಿದ್ದರು. ಅಂದಿನಿಂದ ಅವರ ಅಂಗಿಗಳ ಎಡ ಭುಜವನ್ನು ಒಂದು ಬೆರಳು ಇಳಿಸಿಯೇ ಕತ್ತರಿಸುತ್ತಿದ್ದೆ. ಅವರಷ್ಟು ನೀಟಾಗಿ ಅಂಗಿ ಕೂರುವುದು ಬೀದಿಯಲ್ಲಿ ಇನ್ನಾರಿಗೂ ಇಲ್ಲವೆಂದು ಜನ ಹೇಳುತ್ತಿದ್ದರು. ಯಾರ ಮೈಯೂ ಎರಡು ಕಡೆ ಒಂದೇ ಸಮನಾಗಿರುವುದಿಲ್ಲ. ಅದನ್ನು ತಿಳಿದೂ ತಿಳಿದೂ, ಕಬ್ಬಿಣ ಕಂಡ ಕೂಡಲೇ ಮರೆತುಬಿಟ್ಟಿದ್ದೆ.

"ಅಯ್ಯೋ, ಅದು ಪೆಟ್ಟಲ್ಲ ಕಣೋ," ಎಂದೆ. "ಅದು ಅದರ ಮೈಕಟ್ಟು. ತಂತಿಗಳಿಗೆ ದಾರಿ ಬಿಡೋಕೆ ಮಾಡಿದವರೇ ಬಗ್ಗಿಸಿದ್ದು. ನಾವು ಹುಟ್ಟುಗುಣಾನೂ ಬಡಿದು ಹಾಕಿದ್ವಿ."

"ಬಣ್ಣ ಬಿರಿದಿಲ್ಲ ಅಂದೆನಲ್ಲಮ್ಮ!"

"ಅಂದೆ ಕಣೋ, ಅಂದೆ. ಮೇಷ್ಟ್ರೇ, ನೀವು ಗೆದ್ರಿ. ಈಗ ಎತ್ತಿಕೋ ಫೇರಿಂಗು."

ಕಾಗದವನ್ನು ಮಡಚಿ ಎಸೆದೆ. ಇನ್ನು ಕಾಗದದ ಕೆಲಸವಲ್ಲ. ಮೈಮೇಲೆ ತೊಡಿಸಿ ನೋಡುವ ಕೆಲಸ. ಮಗ ಫೇರಿಂಗನ್ನು ಎರಡು ಕೈಯಲ್ಲಿ ಹಿಡಿದು ನಿಂತ. ಸೊಸೆ ಗೇಟಿನ ಬಳಿ ಹೋಗಿ ಒಂದು ಕಣ್ಣು ಮುಚ್ಚಿ, "ಎಡಕ್ಕೆ. ಇನ್ನೂ. ಅಯ್ಯೋ, ನನ್ನ ಎಡ ಅಲ್ಲ, ನಿಮ್ಮ ಎಡ. ಭೂಗೋಳ ಕಲಿಸ್ತೀರಲ್ರೀ, ದಿಕ್ಕು ಗೊತ್ತಿಲ್ವಾ?" ಎಂದು ಕೂಗಿ ಕೂಗಿ ಅದನ್ನು ನೆಟ್ಟಗೆ ನಿಲ್ಲಿಸಿದಳು. ಹಾಗೆ ನಿಂತಾಗ ಕವಚದ ತೂತು ಎಲ್ಲಿಗೆ ಬರುತ್ತದೆಂದು ನಾನು ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ತಂತಿಗಳು ಎಲ್ಲಿ ಹಾಯುತ್ತವೆಂದು ಇನ್ನೊಂದು ಗುರುತು. ಬಿಚ್ಚಿದೆವು, ವೈಸಿಗೆ ಕಚ್ಚಿಸಿದೆವು, ದುಂಡು ಸರಳೊಂದನ್ನು ಅಡಿಗಿಟ್ಟು ಮೆಲ್ಲಗೆ ಬಗ್ಗಿಸಿದೆವು. ತೊಡಿಸಿದೆವು. ಸಾಲಲಿಲ್ಲ. ಮತ್ತೆ ಬಿಚ್ಚಿದೆವು. ಮದುಮಗನ ಕೋಟಿಗೂ ನಾನು ಅಷ್ಟು ಸಲ ತೊಡಿಸಿ ನೋಡಿದವಳಲ್ಲ.

"ತೋಳು ಸೋತುಹೋಯ್ತು," ಎಂದ ಮಗ.

"ಯಾರದ್ದು, ನಿಮ್ದಾ ಬೈಕಿಂದಾ?" ಎಂದಳು ಸೊಸೆ. ಆಗ ಅವಳು ನಕ್ಕದ್ದು ಕಂಡು ನನಗೆ ಜೀವ ಬಂತು.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಎಡಗಡೆಯ ಬೋಲ್ಟು ಒಂದೇ ಸಲಕ್ಕೆ ಒಳಗೆ ಹೋಯಿತು. ಬಣ್ಣ ಬಿರಿದಲ್ಲಿ, ಯಜಮಾನರು ಗೇಟುಗಳಿಗೆ ಬಳಿಯುತ್ತಿದ್ದ ಕಪ್ಪು ಬಣ್ಣ ಹಚ್ಚಿದೆವು. ಸೊಸೆ ಕೀಲಿ ತಿರುಗಿಸಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಹೊರಳಿಸಿದಳು. ಏನೂ ತಾಗಲಿಲ್ಲ, ಯಾರೂ ಕೂಗಲಿಲ್ಲ. ಬೈಕು ಮುನಿಸು ಬಿಟ್ಟು ನೆಟ್ಟಗೆ ನಮ್ಮನ್ನೇ ನೋಡುತ್ತಿತ್ತು. ಅವಳು ಬೀದಿಯಲ್ಲಿ ಎರಡು ಸುತ್ತು ಹೊಡೆದು ಬಂದು, "ಮೊದಲಿನ ಹಾಗೇ ಇದೆ ಅತ್ತೆ" ಎಂದಳು.

"ಹಾಗಾದ್ರೆ ನಾಳೆ ಯಾರೂ ಏನೂ ಹೇಳಬೇಕಾಗಿಲ್ಲ," ಎಂದು ಮಗ ಮೆಲ್ಲಗೆ ಹೇಳಿದ. ಆ ರಾತ್ರಿ ಪ್ರಾರ್ಥನೆಗೆ ಕುಳಿತಾಗ ನಾನು ದೇವರೊಡನೆ ಒಂದು ಒಪ್ಪಂದ ಮಾಡಿಕೊಂಡೆ: ಆಕೆ ಕೇಳದಿದ್ದರೆ ನಾನು ಹೇಳುವುದಿಲ್ಲ, ಕೇಳಿದರೆ ಸುಳ್ಳಾಡುವುದಿಲ್ಲ, ಕೇಳದಿರುವ ಹಾಗೆ ನೋಡಿಕೊಳ್ಳುವುದು ನಿನ್ನ ಪಾಲಿನ ಕೆಲಸ.

ದೇವರು ತನ್ನ ಪಾಲಿನ ಕೆಲಸ ಮಾಡಲಿಲ್ಲ.

ಭಾನುವಾರ ಮೈದಾನಕ್ಕೆ ಭೂತಗನ್ನಡಿ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಆಕೆಯ ಹಿಂದೆ ಕಲಿಯಬೇಕಿದ್ದ ಆ ಹುಡುಗಿ, ಕೈಬೆರಳು ಹೊಸೆಯುತ್ತ. ಕಲಿಯಲು ಬಂದ ಉಳಿದವರು ಸ್ವಲ್ಪ ದೂರದಲ್ಲಿ. ಭೂತಗನ್ನಡಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬೈಕಿನ ಸುತ್ತ ನಡೆದಳು. ಚಕ್ರ ನೋಡಿದಳು. ಬ್ರೇಕು ಹಿಡಿಸಿ ನೋಡಿದಳು. ಬಗ್ಗಿ ಫೇರಿಂಗಿನ ಒಳಗೂ ಇಣುಕಿದಳು. ಮಗ ಉಸಿರು ಕಟ್ಟಿ ನಿಂತಿದ್ದ. ಆಕೆ ಎದ್ದು, ಬೆರಳ ತುದಿಯನ್ನು ಮೂಗಿಗೆ ಹಿಡಿದು ನನ್ನ ಕಡೆ ತಿರುಗಿದಳು.

"ಹೊಸ ಬಣ್ಣದ ವಾಸನೆ. ನೀವು ಹೇಳಿ, ಈ ಗಾಡಿ ಬಿದ್ದಿತ್ತಾ?"

ಮಗ ಆಕಾಶ ನೋಡಿದ. ಸೊಸೆ ನನ್ನನ್ನೇ ನೋಡುತ್ತಿದ್ದಳು. ಆ ಹುಡುಗಿಯ ಕಣ್ಣೂ ನನ್ನ ಮೇಲಿತ್ತು.

"ಬಿದ್ದಿತ್ತು," ಎಂದೆ. "ನಿನ್ನೆ ಮಧ್ಯಾಹ್ನ."

"ಕಲಿಸೋಳು ಬೀಳಿಸಿದ್ಲಾ?"

"ಇಲ್ಲ. ಅವಳ ಕೈಲಿ ಇಷ್ಟು ವರ್ಷದಲ್ಲಿ ಬಿದ್ದಿದ್ದಿಲ್ಲ. ಬೀಳಿಸಿದ್ದು ನನ್ನ ಮಗ. ಓಡಿಸ್ತಾ ಅಲ್ಲ, ತೊಳೀತಾ. ಗಾಡಿ ನಿಂತೇ ಇತ್ತು."

ಭೂತಗನ್ನಡಿ ಕನ್ನಡಕದ ಮೇಲಿಂದ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಂತಿದ್ದಾಗ?"

"ನಿಂತಿದ್ದಾಗ," ಎಂದ ಮಗ, ಶಾಲೆಯಲ್ಲಿ ಎದ್ದು ನಿಲ್ಲಿಸಿದ ಹುಡುಗನ ಹಾಗೆ.

"ಮತ್ತೆ ಸರಿ ಮಾಡಿದ್ದು ಯಾರು?"

"ನಾವೇ," ಎಂದಳು ಸೊಸೆ. "ಮನೇಲೇ. ಒಂದು ಸಲ ತಪ್ಪು ಮಾಡಿ ಆಮೇಲೆ ಸರಿ ಮಾಡಿದ್ವಿ. ನೀವೇ ತಿರುಗಿಸಿ ನೋಡಿ ಅಮ್ಮ."

ಆಕೆ ಹ್ಯಾಂಡಲನ್ನು ಎರಡು ಕಡೆಗೂ ಕೊನೆಯವರೆಗೆ ತಿರುಗಿಸಿದಳು. ಫೇರಿಂಗನ್ನು ಹಿಡಿದು ಅಲುಗಿಸಿದಳು. ಅದು ಮಿಸುಕಲಿಲ್ಲ. ಆಕೆಯ ತುಟಿ ಮೊದಲು ಬಿಗಿಯಾಯಿತು, ಆಮೇಲೆ ಅಲುಗಿತು, ಆಮೇಲೆ ತಡೆಯಲಾರದೆ ನಕ್ಕಳು. ಅಂಗಡಿಯಲ್ಲಿ ಆಕೆ ಅಷ್ಟು ನಕ್ಕಿದ್ದನ್ನು ನಾನೆಂದೂ ನೋಡಿರಲಿಲ್ಲ.

"ನಮ್ಮ ಮನೆಯವರೂ ಹಾಗೇ ಕಣ್ರೀ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ನಿಂತ ಬೀರು ಬೀಳಿಸಿ ಬೀರೂನೇ ಬೈದವರು. ನೀವು ಗಾಡಿ ಬಿದ್ದೇ ಇಲ್ಲ ಅಂದಿದ್ರೆ ನಾನು ಈಗಲೇ ಇವಳನ್ನ ಕರ್ಕೊಂಡು ಹೊರಟುಬಿಡ್ತಿದ್ದೆ. ಬೀಳದೇ ಇರೋ ಗಾಡಿ ಯಾವ್ದಿದೆ? ಬಿದ್ದಾಗ ಏನು ಮಾಡ್ತಾರೆ ಅನ್ನೋದು ನಂಗೆ ಬೇಕಿತ್ತು." ತನ್ನ ಸೊಸೆಯ ಕಡೆ ತಿರುಗಿದಳು. "ನಿಂತಿದ್ದೀಯಲ್ಲೇ? ಹತ್ತು. ಮೇಷ್ಟ್ರೇ, ನೀವು ಮಾತ್ರ ಗಾಡಿಯಿಂದ ಸ್ವಲ್ಪ ದೂರ ನಿಲ್ಲಿ."

ಮಗ ಸಂತೋಷದಿಂದಲೇ ಮೈದಾನದ ಅಂಚಿಗೆ ಹೋದ. ಉಳಿದ ಹೆಂಗಸರು ಹತ್ತಿರ ಬಂದು, ಹೆಲ್ಮೆಟ್ಟು ಮೊದಲು ತನಗೆ, ತನಗೆ ಎನ್ನತೊಡಗಿದರು. ಆ ಹುಡುಗಿ ಬೈಕು ಏರಿದಳು. ಸೊಸೆ ಪಕ್ಕದಲ್ಲಿ ನಡೆಯುತ್ತ ಕ್ಲಚ್ಚಿನ ಮಾತು ಹೇಳಿದಳು. ಗಾಡಿ ಒಮ್ಮೆ ಜಿಗಿದು ನಿಂತಿತು, ಮತ್ತೊಮ್ಮೆ ಜಿಗಿದು ನಿಂತಿತು, ಆಮೇಲೆ ಸುಣ್ಣದ ಗೆರೆಯ ಪಕ್ಕದಲ್ಲೇ ಮೆಲ್ಲಗೆ ಹೊರಟಿತು.

ಭೂತಗನ್ನಡಿ ನನ್ನ ಕೈಯನ್ನು ಹಿಡಿದಿದ್ದಳು. ಬಳೆ ಮುರಿಯುವಷ್ಟು ಗಟ್ಟಿಯಾಗಿ. ಹೆದರಿ ಕಣ್ಣು ಮುಚ್ಚಿದ್ದು ನಾನು, ಆಕೆಯಲ್ಲ.

"ನೆಲ ನೋಡ್ಬೇಡ ಕಣೇ! ಮುಂದೆ ನೋಡು, ಮುಂದೆ!" ಎಂದು ಆಕೆ ಮೈದಾನವೆಲ್ಲ ಕೇಳುವ ಹಾಗೆ ಕೂಗಿದಳು.

"ಅಮ್ಮಾ, ಪಾಠ ಮಾಡೋಳು ನಾನು!" ಎಂದು ಆ ತುದಿಯಿಂದ ನನ್ನ ಸೊಸೆ ತಿರುಗಿ ಕೂಗಿದಳು.